ಹಬ್ಬದೂಟ ದಿನದೂಟವಾದಾಗ

ಹೋಟೆಲ್ ಊಟ ಉಂಡರೆ ಮೈ ಬರುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಮನೆಯ ಹಿರಿಯರು ಹೇಳುತ್ತಾರೆ, ಡಾಕ್ಟರು ಹೇಳುತ್ತಾರೆ, ಎರಡನೇ ವಡೆಗೆ ಕೈ ಹಾಕುತ್ತ ನಾವೇ ಹೇಳಿಕೊಳ್ಳುತ್ತೇವೆ. ಆದರೆ ಸಾಕ್ಷಿ ಕೇಳಿದವರೂ ಇದ್ದಾರೆ. 2018ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದಕ್ಕಾಗಿ ವಿಜ್ಞಾನಿಗಳು ಬ್ರೆಜಿಲ್, ಚೀನಾ, ಫಿನ್‌ಲೆಂಡ್, ಘಾನಾ ಮತ್ತು ಭಾರತದ 111 ಹೋಟೆಲ್‌ಗಳಿಂದ ಜನ ಹೆಚ್ಚಾಗಿ ಕೊಳ್ಳುವ 223 ಊಟಗಳನ್ನು ತರಿಸಿಕೊಂಡರು. ಭಾರತದ ಪಾಲಿನ ಊಟಗಳು ಬಂದದ್ದು ನಮ್ಮ ಬೆಂಗಳೂರಿನಿಂದಲೇ. ತಂದದ್ದನ್ನು ತೂಗಿ, ರುಬ್ಬಿ, ಒಣಗಿಸಿ, ಬಾಂಬ್ ಕ್ಯಾಲೊರಿಮೀಟರ್ ಎಂಬ ಉಪಕರಣದಲ್ಲಿ ಸುಟ್ಟು, ಅದರಿಂದ ಎಷ್ಟು ಶಾಖ ಹೊರಟಿತೆಂದು ಅಳೆದರು. ಏನು ತಿಂದಿರಿ ಎಂದು ಜನರನ್ನು ಕೇಳಿ ಬರೆದುಕೊಂಡ ಲೆಕ್ಕ ಇದಲ್ಲ. ಊಟವನ್ನೇ ಸುಟ್ಟು ತೆಗೆದ ಲೆಕ್ಕ. ಕೂತು ಉಣ್ಣುವ ಹೋಟೆಲ್‌ಗಳ ಊಟಗಳಲ್ಲಿ ನೂರಕ್ಕೆ 94, ಫಾಸ್ಟ್‌ಫುಡ್ ಊಟಗಳಲ್ಲಿ ನೂರಕ್ಕೆ 72, 600 ಕ್ಯಾಲೊರಿಯನ್ನು ಮುಟ್ಟಿದ್ದವು ಅಥವಾ ದಾಟಿದ್ದವು. ಅತಿತೂಕಕ್ಕೆ ಹೆಸರಾದ ಅಮೆರಿಕದ ಹೋಟೆಲ್ ಊಟಕ್ಕಿಂತ ನಿಚ್ಚಳವಾಗಿ ಹಗುರವಾಗಿದ್ದದ್ದು ಚೀನಾದ ಊಟ ಮಾತ್ರ. ಉಳಿದ ನಾಲ್ಕು ದೇಶಗಳಲ್ಲಿ, ಕೂತು ಕೆಲಸ ಮಾಡುವ ಒಬ್ಬ ಹೆಂಗಸು ದಿನಕ್ಕೆ ಒಂದು ಹೋಟೆಲ್ ಊಟ, ಒಂದು ಫಾಸ್ಟ್‌ಫುಡ್ ಊಟ ಮಾಡಿದರೆ ಅವಳ ಇಡೀ ದಿನದ ಅಗತ್ಯದ ನೂರಕ್ಕೆ 70ರಿಂದ 120ರಷ್ಟು ಅಲ್ಲಿಗೇ ಸಂದಾಯವಾಗುತ್ತಿತ್ತು. ಬೆಳಗಿನ ಕಾಫಿ, ಸಂಜೆಯ ಕುರುಕಲು, ಮಧ್ಯೆ ಬಾಯಿಗೆ ಬಿದ್ದ ಸಿಹಿ ಇವೆಲ್ಲ ಅದರ ಮೇಲೆ.

ಈ ಅಧ್ಯಯನದಲ್ಲಿ ಪತ್ರಿಕೆಗಳ ತಲೆಬರಹಕ್ಕೆ ಏರದ ಇನ್ನೊಂದು ಸಂಗತಿಯಿದೆ. ಎಲ್ಲರೂ ಬೈಯುವ ಫಾಸ್ಟ್‌ಫುಡ್‌ನಲ್ಲಿ, ಕೂತು ಉಣ್ಣುವ ಹೋಟೆಲ್ ಊಟಕ್ಕಿಂತ ನೂರಕ್ಕೆ 33ರಷ್ಟು ಕಡಿಮೆ ಶಕ್ತಿ ಇತ್ತು. ಬರ್ಗರು ಒಳ್ಳೆಯದೆಂದು ಇದರರ್ಥವಲ್ಲ. ಆದರೆ ಪಿಜ್ಜಾ-ಬರ್ಗರನ್ನು ಮಾತ್ರ ಖಳನಾಯಕರನ್ನಾಗಿಸಿ ನಮ್ಮ ನಾರ್ತ್ ಇಂಡಿಯನ್ ಥಾಳಿ, ಬಟರ್ ನಾನ್, ಪನೀರ್ ಗ್ರೇವಿ, ಬೆಣ್ಣೆ ಮಸಾಲೆಗಳನ್ನು 'ಮನೆಯಂಥದ್ದು' ಎಂದು ಬಿಟ್ಟುಬಿಡುವ ಅಭ್ಯಾಸಕ್ಕೆ ಇದರಿಂದ ಪೆಟ್ಟು ಬೀಳುತ್ತದೆ. ಹೊರಗೆ ಉಣ್ಣುವುದರ ಕೇಡು ಯಾವುದೋ ಒಂದು ವಿದೇಶಿ ತಿನಿಸಿನಲ್ಲಿಲ್ಲ. ಹೋಟೆಲ್ ಎಂಬ 'ಜಾಗ'ದಲ್ಲೂ ಇಲ್ಲ ಎಂಬುದು ಈ ಲೇಖನದ ವಾದ. ಹೋಟೆಲ್ ಅಡಿಗೆ ಹುಟ್ಟಿನಿಂದಲೇ ಹಬ್ಬದ ಅಡಿಗೆ. ಮಠದ, ಮದುವೆ ಮನೆಯ ಪಾಕಶಾಲೆಗಳಲ್ಲಿ ಪಳಗಿದ ಅಡಿಗೆಭಟ್ಟರು ಕಟ್ಟಿದ ಉಡುಪಿ ಹೋಟೆಲ್‌ಗಳಿರಲಿ, ದೊರೆಗಳ ಅಡಿಗೆಮನೆಯ ಹೆಸರು ಹೇಳುವ ಮೊಗಲಾಯಿ ಹೋಟೆಲ್‌ಗಳಿರಲಿ, ಬಂದವನಿಗೆ ಧಾರಾಳವಾಗಿ, ನಾಲಗೆಗೆ ಹತ್ತುವಂತೆ, ಕರಿದದ್ದು-ಸಿಹಿ-ಜಿಡ್ಡು ಮುಂದಾಗಿ ಬಡಿಸುವುದೇ ಅವುಗಳ ಧರ್ಮ. ತಿಂಗಳಿಗೊಮ್ಮೆ ಅಂಥ ಊಟ ಉಂಡವರಿಗೆ ಏನೂ ಆಗುತ್ತಿರಲಿಲ್ಲ. ಬದಲಾದದ್ದು ತಟ್ಟೆಗಿಂತ ಹೆಚ್ಚಾಗಿ, ಆ ತಟ್ಟೆ ನಮ್ಮ ಮುಂದೆ ಬರುವ ಸರದಿ.

ಸರದಿ ಎಷ್ಟು ಬದಲಾಗಿದೆ ಎಂಬುದನ್ನು ಸರಕಾರದ ಲೆಕ್ಕವೇ ಹೇಳುತ್ತದೆ. 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಕುಟುಂಬಗಳು ತಿಂಗಳ ಒಟ್ಟು ಖರ್ಚಿನಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚನ್ನು ಪಾನೀಯ, ಸಂಸ್ಕರಿಸಿದ ಆಹಾರ ಮತ್ತು ಕೊಂಡು ತಿನ್ನುವ ಸಿದ್ಧ ಊಟಕ್ಕೆ ಹಾಕುತ್ತಿದ್ದವು. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ ಧಾನ್ಯಕ್ಕೆ ಹೋದದ್ದು ನೂರಕ್ಕೆ 4ಕ್ಕೂ ಕಡಿಮೆ. ಹಳ್ಳಿಯ ಅಂಕಿಯೂ ದೂರವೇನಿಲ್ಲ, ಅಲ್ಲೂ ಈ ಸಿದ್ಧ ತಿನಿಸಿನ ಪಾಲು ನೂರಕ್ಕೆ 9ನ್ನು ದಾಟಿದೆ. ಬೆಂಗಳೂರಿನಲ್ಲಿ ಈ ಬದಲಾವಣೆಗೆ ಎರಡು ಮೈಲಿಗಲ್ಲು ಗುರುತಿಸಬಹುದು. 1980ರ ದಶಕದಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿ ನಿಂತು ತಿನ್ನುವ, ಟೋಕನ್ ಪಡೆದು ಹತ್ತು ನಿಮಿಷಕ್ಕೆ ಮುಗಿಸುವ ತಿಂಡಿಯ ಪದ್ಧತಿಗೆ ದಾರಿ ಮಾಡಿತು. ಅದರ ಹೆಸರೇ ಊರೆಲ್ಲ ಹಬ್ಬಿದ ಇಂಥ ಹೋಟೆಲ್‌ಗಳ ಜಾತಿಗೆ ಅಂಟಿಕೊಂಡಿತು. 2014ರಲ್ಲಿ ಇದೇ ಊರಿನಿಂದ ಸ್ವಿಗ್ಗಿ ಶುರುವಾಗಿ, ಹೋಟೆಲಿಗೆ ಹೋಗುವ ಆ ಸಣ್ಣ ನಡಿಗೆಯೂ ಉಳಿಯಲಿಲ್ಲ. ಈ ಹೊತ್ತಿನಲ್ಲೇ ರಾಜ್ಯದ ಜನರ ತೂಕವೂ ಏರಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಮತ್ತು ಐದನೇ ಸುತ್ತುಗಳ ನಡುವೆ, ಅಂದರೆ 2015-16ರಿಂದ 2019-21ರ ಒಳಗೆ, ಕರ್ನಾಟಕದಲ್ಲಿ ಅತಿತೂಕವಿರುವ ಹೆಂಗಸರ ಪ್ರಮಾಣ ನೂರಕ್ಕೆ 23ರಿಂದ 30ಕ್ಕೂ, ಗಂಡಸರದು 22ರಿಂದ 31ರ ಹತ್ತಿರಕ್ಕೂ ಹೋಯಿತು. ಎರಡು ಗೆರೆ ಜೊತೆಯಾಗಿ ಮೇಲೇರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಸ್ಕೂಟರು, ಲಿಫ್ಟು, ಮೊಬೈಲು ಎಲ್ಲವೂ ಇದೇ ಹೊತ್ತಿನಲ್ಲಿ ಹೆಚ್ಚಾದವು. ಕಾರಣ ಎನ್ನಬೇಕಾದರೆ ಅಡಿಗೆಮನೆಯ ಒಳಗೆ ಹೋಗಿ ನೋಡಬೇಕು.

ಒಂದು ಬೆಣ್ಣೆ ಮಸಾಲೆ ದೋಸೆಯನ್ನೇ ತೆಗೆದುಕೊಳ್ಳೋಣ. ಕಾದ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ದು ಹರಡಿದ ಮೇಲೆ ಮೊದಲು ಸುತ್ತ ಎಣ್ಣೆ ಬೀಳುತ್ತದೆ. ಅಂಚು ಕೆಂಪಾಗುವಾಗ ನಡುವಿಗೆ ಬೆಣ್ಣೆಯ ಉಂಡೆ, ಅದನ್ನು ಸಟ್ಟುಗದ ಬೆನ್ನಿನಿಂದ ಸವರಿದ ಮೇಲೆ ಕೆಂಪು ಚಟ್ನಿ, ಅದರ ಮೇಲೆ ಮೊದಲೇ ಒಗ್ಗರಣೆಯಲ್ಲಿ ಮಿಂದು ಬಂದ ಆಲೂಗಡ್ಡೆ ಪಲ್ಯ. ಮಡಿಸಿ ತಟ್ಟೆಗೆ ಹಾಕಿದ ಮೇಲೂ ಮೇಲೊಂದು ತುಣುಕು ಬೆಣ್ಣೆ, ಅದು ನೋಟಕ್ಕೆ. ಬೆಣ್ಣೆಯ ಒಂದೊಂದು ಗ್ರಾಮಿನಲ್ಲೂ ಏಳಕ್ಕೂ ಹೆಚ್ಚು ಕ್ಯಾಲೊರಿ, ಎಣ್ಣೆಯಲ್ಲಿ ಒಂಬತ್ತು. ಅಕ್ಕಿ-ಉದ್ದಿನ ಪಿಷ್ಟ ಮತ್ತು ಪ್ರೋಟೀನಿನಲ್ಲಿ ಸುಮಾರು ನಾಲ್ಕು. ಒಂದು ದೋಸೆಗೆ 25 ಗ್ರಾಂ ಬೆಣ್ಣೆ ಹೋದರೆ ಅದೊಂದರಿಂದಲೇ 180 ಕ್ಯಾಲೊರಿ, ಹೆಚ್ಚುಕಡಿಮೆ ಮೂರು ಸಾಧಾರಣ ಇಡ್ಲಿಗೆ ಸಮ. ಆದರೆ ಮೂರು ಇಡ್ಲಿ ತಿಂದವನಿಗೆ ತಿಂದದ್ದು ಗೊತ್ತಾಗುತ್ತದೆ, ದೋಸೆಯೊಳಗಿನ ಬೆಣ್ಣೆ ರುಚಿಯಾಗಿ ಕರಗಿಹೋಗುತ್ತದೆ. ಹೋಟೆಲಿನವರು ದುಷ್ಟರೆಂದು ಹೀಗಾಗುವುದಿಲ್ಲ. ಜಿಡ್ಡು, ಉಪ್ಪು, ಸಕ್ಕರೆ ಮೂರೂ ಅಡಿಗೆಯ ಸಣ್ಣಪುಟ್ಟ ಕುಂದುಗಳನ್ನು ಮುಚ್ಚುತ್ತವೆ, ಇಂದಿನ ರುಚಿ ನಾಳೆಯೂ ಹಾಗೇ ಬರುವಂತೆ ಕಾಯುತ್ತವೆ, ಗಿರಾಕಿಯನ್ನು ಮರಳಿ ಕರೆತರುತ್ತವೆ. ಅಕ್ಕಿ, ರವೆ, ಮೈದಾ, ಆಲೂಗಡ್ಡೆ, ಈರುಳ್ಳಿ ಕೆಡದೆ ಕೂರುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಸೊಪ್ಪು ಹಾಗಲ್ಲ: ಬೆಳಿಗ್ಗೆ ತಂದದ್ದು ಸಂಜೆಗೆ ಬಾಡುತ್ತದೆ, ಬಿಡಿಸಿ ತೊಳೆಯಲು ಆಳು ಬೇಕು, ಬೇಯಿಸಿದರೆ ದೊಡ್ಡ ಕಂತೆ ಹಿಡಿಯಷ್ಟಾಗುತ್ತದೆ. ಲಾಭದ ಅಂಚು ತೆಳುವಾಗಿರುವ ವ್ಯಾಪಾರದಲ್ಲಿ ಸೊಪ್ಪಿಗೆ ಯಾರೂ ಜಾಗ ಕೊಡುವುದಿಲ್ಲ. ಹಬ್ಬದ ಅಡಿಗೆಯ ಧಾರಾಳತನಕ್ಕೆ ವ್ಯಾಪಾರದ ಲೆಕ್ಕಾಚಾರವೂ ಸೇರಿಕೊಂಡು, ಎರಡೂ ತಟ್ಟೆಯನ್ನು ಒಂದೇ ದಿಕ್ಕಿಗೆ ಎಳೆಯುತ್ತವೆ.

ಹೀಗಾಗಿ ತೂಕದ ಮಾತಿಗೂ ಮೊದಲು ಬರಬೇಕಾದದ್ದು ಊಟದ ಗುಣದ ಮಾತು. ಹೊರಗೆ ಉಣ್ಣುವುದರ ಬಗ್ಗೆ ನಡೆದ 29 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆ 2012ರಲ್ಲಿ ಬಂತು. ಹೊರಗೆ ಹೆಚ್ಚು ಉಣ್ಣುವವರ ಆಹಾರದಲ್ಲಿ ಒಟ್ಟು ಶಕ್ತಿಯೂ ಕೊಬ್ಬಿನ ಪಾಲೂ ಹೆಚ್ಚು. ವಿಟಮಿನ್ ಸಿ, ಕ್ಯಾಲ್ಸಿಯಂ, ಕಬ್ಬಿಣದಂಥವು ಕಡಿಮೆ ಎಂಬುದು ಅದರ ನಿರ್ಣಯ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಮಾದರಿ ತಟ್ಟೆಯಿದೆ: ಧಾನ್ಯ 250 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ-ಕೊಬ್ಬು 27 ಗ್ರಾಂ. ಧಾನ್ಯಕ್ಕಿಂತ ತರಕಾರಿಯ ತೂಕ ಹೆಚ್ಚು ಎಂಬುದನ್ನು ಗಮನಿಸಿ. ಈಗ ಹೋಟೆಲಿನ ಮೀಲ್ಸ್ ತಟ್ಟೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ನಡುವೆ ಗೋಪುರದಂತೆ ಅನ್ನ, ಪಕ್ಕದಲ್ಲಿ ಪೂರಿ ಅಥವಾ ಚಪಾತಿ, ಹಪ್ಪಳ, ಪುಟ್ಟ ಬಟ್ಟಲಲ್ಲಿ ಸಿಹಿ. ಪಲ್ಯದ ಬಟ್ಟಲು ಎರಡು ಚಮಚಕ್ಕೆ ತಳ ಕಾಣುತ್ತದೆ, ಅದರಲ್ಲೂ ಅರ್ಧ ಆಲೂಗಡ್ಡೆಯೋ ಎಲೆಕೋಸೋ. ಎಷ್ಟೋ ಹೋಟೆಲ್‌ಗಳಲ್ಲಿ ಅನ್ನ-ಸಾರು ಕೇಳಿದಷ್ಟು ಬಡಿಸುತ್ತಾರೆ, ಪಲ್ಯಕ್ಕೆ ಮಾತ್ರ ಮಾಣಿ ಅಡಿಗೆಮನೆಯ ಕಡೆ ನೋಡುತ್ತಾನೆ. ಬೆಳಗಿನ ತಿಂಡಿಯ ಕತೆ ಇನ್ನೂ ಬಡವಾದದ್ದು. ಖಾರಾಬಾತು-ಕೇಸರಿಬಾತುಗಳ ಜೋಡಿ ಚೌಚೌಬಾತಿನಲ್ಲಿ ರವೆ, ಸಕ್ಕರೆ, ಜಿಡ್ಡು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನುಂಟು? ದಿನಕ್ಕೆರಡು ಹೊತ್ತು ಹೊರಗೆ ಉಂಡವನು 400 ಗ್ರಾಂ ತರಕಾರಿಯನ್ನು ಉಳಿದ ಒಂದೇ ಹೊತ್ತಿಗೆ ತುಂಬಿಸಿಕೊಳ್ಳಬೇಕಾಗುತ್ತದೆ. ಯಾರೂ ತುಂಬಿಸಿಕೊಳ್ಳುವುದಿಲ್ಲ. ತೂಕ ಏರದೆ ತೆಳ್ಳಗೇ ಉಳಿದವನಿಗೂ ಈ ಕೊರತೆ ತಪ್ಪಿದ್ದಲ್ಲ. ತೆಳ್ಳಗಿದ್ದೂ ಹೊಟ್ಟೆಯಲ್ಲಿ ಕೊಬ್ಬು, ರಕ್ತದಲ್ಲಿ ಸಕ್ಕರೆ ಏರಿಸಿಕೊಳ್ಳುವ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯವಾದ್ದರಿಂದ, ತಕ್ಕಡಿಯ ಮುಳ್ಳನ್ನಷ್ಟೇ ನಂಬಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಇನ್ನು ತೂಕ. ಅಮೆರಿಕದ ನಾಲ್ಕು ನಗರಗಳಲ್ಲಿ 1985-86ರಲ್ಲಿ ಶುರುವಾದ ಒಂದು ದೀರ್ಘ ಅಧ್ಯಯನ ಮೂರು ಸಾವಿರ ಯುವಕ-ಯುವತಿಯರನ್ನು 15 ವರ್ಷ ಹಿಂಬಾಲಿಸಿತು. ಫಾಸ್ಟ್‌ಫುಡ್ ಅಂಗಡಿಗೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಹೋಗುವ ರೂಢಿ ಉಳಿಸಿಕೊಂಡವರು, ವಾರಕ್ಕೆ ಒಂದು ಸಲಕ್ಕಿಂತ ಕಡಿಮೆ ಹೋಗುವವರಿಗಿಂತ 4.5 ಕಿಲೊ ಹೆಚ್ಚು ತೂಕ ಏರಿಸಿಕೊಂಡರು. ಮಧುಮೇಹಕ್ಕೆ ದಾರಿಯಾಗುವ ಇನ್ಸುಲಿನ್ ಪ್ರತಿರೋಧ ಅವರಲ್ಲಿ ಎರಡು ಪಟ್ಟು ಬೆಳೆಯಿತು. ಇಂಥ ಅಧ್ಯಯನದಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಹೋಲಿಕೆ ನಡೆಯುತ್ತದೆ ಎಂಬ ತೊಡಕಿದೆ. ಅದನ್ನು ದಾಟಲು ಅಮೆರಿಕದ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಬ್ಬನೇ ವ್ಯಕ್ತಿಯ ಎರಡು ದಿನಗಳನ್ನು ಹೋಲಿಸಿದರು: ಮನೆಯಲ್ಲೇ ಉಂಡ ದಿನ ಮತ್ತು ಹೊರಗೆ ಉಂಡ ದಿನ. ಹೊರಗಿನ ಒಂದೊಂದು ಊಟಕ್ಕೂ ಆ ದಿನದ ಒಟ್ಟು ಸೇವನೆ ಸರಾಸರಿ 134 ಕ್ಯಾಲೊರಿ ಏರಿತ್ತು. ಇಷ್ಟು ಸಣ್ಣ ಸಂಖ್ಯೆ ಏನು ಮಾಡಬಲ್ಲದು? ದೇಹ ದಪ್ಪವಾದಂತೆ ಅದರ ಖರ್ಚೂ ಹೆಚ್ಚುವುದರಿಂದ ತೂಕ ಎಂದೆಂದಿಗೂ ಏರುತ್ತಲೇ ಹೋಗುವುದಿಲ್ಲ. ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರ ಲೆಕ್ಕದಂತೆ ದಿನಕ್ಕೆ ಸುಮಾರು 24 ಕ್ಯಾಲೊರಿ ಹೆಚ್ಚಳ ಕಾಯಂ ಆದರೆ ತೂಕ ಕೊನೆಗೆ ಒಂದು ಕಿಲೊ ಏರಿ ನಿಲ್ಲುತ್ತದೆ. ಅದರ ಅರ್ಧ ಒಂದು ವರ್ಷದಲ್ಲಿ, ಬಹುಪಾಲು ಮೂರು ವರ್ಷದಲ್ಲಿ. ಈ ಎರಡು ಸಂಖ್ಯೆಗಳನ್ನು ಜೋಡಿಸಿ ನೋಡಿ. ವಾರಕ್ಕೊಂದು ಹೊರಗಿನ ಊಟವಾದರೆ ದಿನಕ್ಕೆ ಬರುವುದು 19 ಕ್ಯಾಲೊರಿ, ಮುಕ್ಕಾಲು ಕಿಲೊ ಆಸುಪಾಸಿನ ವ್ಯವಹಾರ, ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ದಿನಕ್ಕೊಂದಾದರೆ ಐದೂವರೆ ಕಿಲೊ. ಅಮೆರಿಕದ ಸರಾಸರಿಯನ್ನು ನಮ್ಮ ತಟ್ಟೆಗೆ ಹಾಗೇ ಅಂಟಿಸಲಾಗದು, ನಿಜ. ಆದರೂ ಹೊರಗಿನ ಊಟ ಎಷ್ಟು ಕೆಟ್ಟದ್ದು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಯಾಕೆ ಮುಖ್ಯ ಎಂಬುದು ಈ ಸರಳ ಗುಣಾಕಾರದಿಂದ ಗೊತ್ತಾಗುತ್ತದೆ.

ಈ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಅಧ್ಯಯನವೊಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಮೈಕಲ್ ಆಂಡರ್ಸನ್ ಮತ್ತು ಡೇವಿಡ್ ಮಾಟ್ಸಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಹೆದ್ದಾರಿಯ ಜಾಣ ಉಪಾಯವೊಂದನ್ನು ಹೂಡಿದರು. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ಮಗ್ಗುಲಲ್ಲೇ ಇರುವ ಸಣ್ಣ ಊರುಗಳಲ್ಲಿ ಪ್ರಯಾಣಿಕರಿಗಾಗಿ ಹೋಟೆಲ್‌ಗಳು ದಂಡಿಯಾಗಿವೆ. ಸ್ವಲ್ಪ ದೂರದ ಊರುಗಳಲ್ಲಿ ಕಡಿಮೆ. ಜನರು ಮಾತ್ರ ಎರಡೂ ಕಡೆ ಒಂದೇ ಬಗೆಯವರು. ಹೋಟೆಲ್ ಊಟ ಬೊಜ್ಜಿಗೆ ಕಾರಣವಾಗಿದ್ದರೆ ಹೆದ್ದಾರಿ ಪಕ್ಕದವರು ಹೆಚ್ಚು ದಪ್ಪವಿರಬೇಕಿತ್ತು. ಇರಲಿಲ್ಲ. ಹೋಟೆಲಿನಲ್ಲಿ ಹೆಚ್ಚು ತಿಂದವರು ಆ ದಿನದ ಬೇರೆ ಹೊತ್ತುಗಳಲ್ಲಿ ಕೈ ಹಿಡಿದು ಬಹುಪಾಲು ಸರಿದೂಗಿಸುತ್ತಿದ್ದರು. ಅಲ್ಲಿಗೆ ಹೋಟೆಲ್‌ಗಳು ನಿರ್ದೋಷಿಗಳೆಂದು ತೀರ್ಪು ಬರೆದುಬಿಡಬಹುದೆ? ಬಹುಶಃ ಇಲ್ಲ. ಆ ಊರುಗಳ ಮನೆಯೂಟವೂ ಬಹಳ ಮಟ್ಟಿಗೆ ಅಂಗಡಿಯ ಪೊಟ್ಟಣದಿಂದಲೇ ಬರುವಂಥದ್ದು. ಮನೆಯ ತಟ್ಟೆ, ಹೋಟೆಲ್ ತಟ್ಟೆ ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವಲ್ಲಿ ಜಾಗ ಬದಲಿಸಿದರೆ ಮೈ ಯಾಕೆ ಬದಲಾಗಬೇಕು? ಅದೇ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇನ್ನೊಂದು ಅಧ್ಯಯನ ಶಾಲೆಯಿಂದ ಒಂದು ಮೈಲಿಯ ಹತ್ತನೇ ಒಂದು ಭಾಗದೊಳಗೆ ಫಾಸ್ಟ್‌ಫುಡ್ ಅಂಗಡಿ ಇದ್ದರೆ ಒಂಬತ್ತನೇ ತರಗತಿಯ ಮಕ್ಕಳಲ್ಲಿ ಬೊಜ್ಜು ನೂರಕ್ಕೆ 5ರಷ್ಟು ಹೆಚ್ಚಿತ್ತೆಂದು ತೋರಿಸಿತು. ಅಂಗಡಿ ಇನ್ನೂ ದೂರವಾದರೆ ಪರಿಣಾಮ ಕಾಣೆಯಾಗುತ್ತಿತ್ತು. ಬಿಡುವಿನಲ್ಲಿ ನಡೆದು ಹೋಗಿ ಬರುವಷ್ಟು ಹತ್ತಿರವಿದ್ದರೆ ದಿನವೂ ಹೋಗುತ್ತಾರೆ, ಸ್ವಲ್ಪ ದೂರವಾದರೆ ಎಂದಾದರೊಮ್ಮೆ. ಎರಡು ಅಧ್ಯಯನಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಎರಡೂ ಸೇರಿ ಜಾಗದಿಂದ ನಮ್ಮ ಗಮನ ಬಿಡಿಸಿ ರೂಢಿಯ ಕಡೆಗೂ ತಟ್ಟೆಯ ಕಡೆಗೂ ತಿರುಗಿಸುತ್ತವೆ. ತಟ್ಟೆಯ ಪ್ರಭಾವವಂತೂ ಪ್ರಯೋಗದಲ್ಲೇ ಸಿದ್ಧವಾಗಿದೆ. ಆಹಾರ ವಿಜ್ಞಾನಿ ಬಾರ್ಬರಾ ರೋಲ್ಸ್ ಅವರ 2002ರ ಪ್ರಯೋಗದಲ್ಲಿ ಅದೇ ಜನರಿಗೆ ಅದೇ ತಿನಿಸನ್ನು 500 ಗ್ರಾಂ ಕೊಟ್ಟಾಗಿನದಕ್ಕಿಂತ ಒಂದು ಕಿಲೊ ಕೊಟ್ಟಾಗ ಅವರು ನೂರಕ್ಕೆ 30ರಷ್ಟು ಹೆಚ್ಚು ತಿಂದರು. ಎಷ್ಟು ಸಾಕು ಎಂಬುದನ್ನು ಹೊಟ್ಟೆ ತೀರ್ಮಾನಿಸುತ್ತದೆ ಎಂದುಕೊಳ್ಳುತ್ತೇವೆ, ಆದರೆ ಬಡಿಸಿದವರ ಕೈಗೂ ಅದರಲ್ಲಿ ಪಾಲಿದೆ.

ನಮ್ಮ ಉಡುಪಿ ಹೋಟೆಲ್‌ಗಳು ನೂರು ವರ್ಷದಿಂದ ಇವೆ, ಅಲ್ಲಿ ಉಂಡ ತಾತಂದಿರು ಕಡ್ಡಿಯಂತಿದ್ದರಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದ್ದರು. ಅವರು ಹೋಟೆಲಿಗೆ ನಡೆದು ಹೋಗುತ್ತಿದ್ದರು, ಬೈಟು ಕಾಫಿ ಹಂಚಿಕೊಳ್ಳುತ್ತಿದ್ದರು, ಮಸಾಲೆ ದೋಸೆ ಅವರ ಪಾಲಿಗೆ ಸಂಬಳದ ದಿನದ ಸಂಗತಿಯಾಗಿತ್ತು. ಈ ಆಕ್ಷೇಪ ವಾದವನ್ನು ಕೆಡವುವ ಬದಲು ಎತ್ತಿ ಹಿಡಿಯುತ್ತದೆ ಎಂದೇ ನನ್ನ ಅಭಿಪ್ರಾಯ. ಹೊರಗಿನ ಊಟವೆಲ್ಲ ಒಂದೇ ಅಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇದಕ್ಕಿಂತ ಒಳ್ಳೆಯ ಸಾಕ್ಷಿಯೂ ಇದೆ, ಉತ್ತರ ಕರ್ನಾಟಕದ ಖಾನಾವಳಿ. ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಎಣ್ಣೆಗಾಯಿಯೋ ಸೊಪ್ಪಿನ ಪಲ್ಯವೋ, ಶೇಂಗಾ ಅಥವಾ ಗುರೆಳ್ಳಿನ ಚಟ್ನಿಪುಡಿ, ಮೊಸರು, ತಟ್ಟೆಯ ಬದಿಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಕೆಲವೆಡೆ ಹಸಿ ಮೆಂತ್ಯ ಸೊಪ್ಪು. ಎಣ್ಣೆ ಕಡಿಮೆ ಎಂದು ಹೇಳಲಾರೆ, ಎಣ್ಣೆಗಾಯಿಯ ಹೆಸರೇ ಹೇಳುತ್ತದಲ್ಲ. ಆದರೆ ತವಡು ತೆಗೆಯದ ಜೋಳ, ಕಾಳು, ಹಸಿ ತರಕಾರಿ ಮೂರೂ ಒಂದೇ ತಟ್ಟೆಯಲ್ಲಿ ಸಿಗುವ ಈ ಊಟ, ಬೆಂಗಳೂರಿನ ಎಷ್ಟೋ ಮನೆಗಳ ಬಿಳಿ ಅನ್ನ-ಸಾರಿಗಿಂತ ಎಷ್ಟೋ ಮೇಲು. ಕಾರಣ ಸರಳ: ಖಾನಾವಳಿ ಹುಟ್ಟಿದ್ದು ಊರು ಬಿಟ್ಟು ಬಂದ ವಿದ್ಯಾರ್ಥಿ, ಗುಮಾಸ್ತ, ವ್ಯಾಪಾರಿಗಳಿಗೆ ನಿತ್ಯದ ಊಟ ಹಾಕಲು. ತಿಂಗಳ ಲೆಕ್ಕದಲ್ಲಿ ದಿನವೂ ಬರುವ ಗಿರಾಕಿಗೆ ಹಬ್ಬದ ಅಡಿಗೆ ಬಡಿಸಿದರೆ ಗಿರಾಕಿಯ ಹೊಟ್ಟೆಗೂ ಒಗ್ಗದು, ಯಜಮಾನನ ಗಲ್ಲಾಪೆಟ್ಟಿಗೆಗೂ ಒಗ್ಗದು.

ಹಾಗಿದ್ದರೆ ಎಲ್ಲರೂ ಮನೆಯಲ್ಲೇ ಉಂಡರೆ ಮುಗಿಯಿತಲ್ಲ ಎಂದರೆ ಅಲ್ಲೂ ಎಡವಟ್ಟಿದೆ. ಇಂಗ್ಲೆಂಡಿನ ಕೇಂಬ್ರಿಜ್ ಪ್ರದೇಶದ ಹನ್ನೊಂದು ಸಾವಿರ ಜನರ ಅಧ್ಯಯನದಲ್ಲಿ ವಾರಕ್ಕೆ ಐದಕ್ಕಿಂತ ಹೆಚ್ಚು ಸಲ ಮನೆಯಡಿಗೆ ಉಣ್ಣುವವರಲ್ಲಿ, ಮೂರಕ್ಕಿಂತ ಕಡಿಮೆ ಉಣ್ಣುವವರಿಗಿಂತ ಅತಿತೂಕ ಹೊಂದುವ ಸಂಭವ ನೂರಕ್ಕೆ 28ರಷ್ಟು ಕಡಿಮೆ ಎಂದು ಕಂಡಿತು. ಮನೆಯಡಿಗೆಯ ಪರ ವಾದಿಸುವವರೆಲ್ಲ ಇದನ್ನು ಎತ್ತಿ ಹೇಳುತ್ತಾರೆ. ಆದರೆ ಅಡಿಗೆಗೆ ಹೊತ್ತು, ಹಣ, ನೆಮ್ಮದಿ ಇರುವ ಮನೆಗಳು ಬೇರೆ ರೀತಿಯಲ್ಲೂ ಆರೋಗ್ಯವಂತವಾಗಿರುವುದು ಸಹಜ. ಒಂದೇ ಕಾಲದಲ್ಲಿ ತೆಗೆದ ಇಂಥ ಲೆಕ್ಕ ಕಾರಣವನ್ನು ಬಿಡಿಸಿ ಹೇಳಲಾರದು. ನಮ್ಮ ಮನೆಯ ತಟ್ಟೆಯೂ ಮಾದರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೈನಂದಿನ ಶಕ್ತಿಯ ನೂರಕ್ಕೆ 62ರಷ್ಟು ಪಿಷ್ಟ-ಸಕ್ಕರೆಗಳಿಂದಲೇ ಬರುತ್ತದೆ. ಅದರ ಬಹುಭಾಗ ಪಾಲಿಶ್ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು ಮತ್ತು ಸಕ್ಕರೆಯಿಂದ. ಇದಕ್ಕೂ ಮಿಗಿಲಾಗಿ, 'ಮನೆಯೂಟಕ್ಕೆ ಮರಳಿ' ಎಂಬ ಉಪದೇಶದ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂದು ನೋಡಬೇಕು. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಿದ್ದರು, ಗಂಡಸರು 88 ನಿಮಿಷ. ದುಡಿದು ಬಂದ ಹೆಂಗಸಿಗೆ ದರ್ಶಿನಿಯ ಇಡ್ಲಿ ಒಂದು ಗಂಟೆ ಬಿಡುವು ಕೊಟ್ಟರೆ ಅದನ್ನು ಆಹಾರಶಾಸ್ತ್ರದ ಹೆಸರಿನಲ್ಲಿ ಕಸಿದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಸೌಟು ಹಿಡಿಯದವರೇ ಮನೆಯಡಿಗೆಯ ಮಹಿಮೆಯನ್ನು ಹೆಚ್ಚಾಗಿ ಕೊಂಡಾಡುವುದು ಒಂದು ಸೋಜಿಗ. ಹೊರಗೆ ಉಣ್ಣುವುದು ಇನ್ನು ಮುಂದೆ ಕಡಿಮೆಯಾಗುವುದಿಲ್ಲ ಎಂದು ಒಪ್ಪಿಕೊಂಡೇ, ಹೊರಗಿನ ತಟ್ಟೆಯನ್ನು ನಿತ್ಯದ ತಟ್ಟೆಯಾಗಿಸುವುದು ಹೇಗೆ ಎಂದು ಕೇಳುವುದೇ ಮೇಲು.

ಸರಕಾರಗಳಿಗೆ ಈವರೆಗೆ ಹೊಳೆದ ಉಪಾಯ ಫಲಕ ಹಾಕಿಸುವುದು. ಹತ್ತು ಅಥವಾ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲ್ ಸರಣಿಗಳು ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ನಿಯಮ ಭಾರತದಲ್ಲೂ 2022ರಿಂದ ಜಾರಿಯಲ್ಲಿದೆ. ಇದರಿಂದ ಎಷ್ಟು ಫಲ? ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಲೆಕ್ಕದಲ್ಲಿ 600 ಕ್ಯಾಲೊರಿಯ ಊಟ ಆಯ್ದುಕೊಳ್ಳುವಲ್ಲಿ ಇದರಿಂದ ತಪ್ಪುವುದು ಸುಮಾರು 11 ಕ್ಯಾಲೊರಿ. ಒಂದು ಗ್ರಾಂಗೆ ಸ್ವಲ್ಪ ಮೇಲ್ಪಟ್ಟ ಎಣ್ಣೆ. ಅಷ್ಟಾದರೂ ಆಯಿತಲ್ಲ ಎನ್ನಬಹುದು, ಆದರೆ ನಮ್ಮ ದರ್ಶಿನಿಗಳಲ್ಲಿ ಹೆಚ್ಚಿನವು ಈ ನಿಯಮದ ಅಳತೆಗೇ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರೋಡಮಿನ್-ಬಿಯಂಥ ವಿಷದ ಬಣ್ಣ ಹೋಗಬೇಕಾದದ್ದೇ. ಆದರೆ ಮೈದಾ-ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ, ಕರಿದು, ಸಾಸಿನಲ್ಲಿ ಮತ್ತೆ ಹೊರಳಿಸಿದ ಹೂಕೋಸು ಬಣ್ಣ ಕಳೆದುಕೊಂಡ ಮಾತ್ರಕ್ಕೆ ತರಕಾರಿಯಾಗಿ ಬಿಡುವುದಿಲ್ಲ. ಕಲಬೆರಕೆ, ಕೊಳಕು, ಬಣ್ಣ ಇವುಗಳ ಬಗ್ಗೆ ನಮಗಿರುವ ಎಚ್ಚರದಲ್ಲಿ ಕಾಲುಭಾಗವೂ ತಟ್ಟೆಯ ಅಳತೆಯ ಬಗ್ಗೆ ಇಲ್ಲ.

ಫಲ ಕಾಣುವುದು ಗಿರಾಕಿಯ ಮನಸ್ಸು ತಿದ್ದುವಲ್ಲಲ್ಲ, ಒಟ್ಟಿಗೆ ಸಾವಿರ ತಟ್ಟೆ ಕೊಳ್ಳುವವರು ಷರತ್ತು ಹಾಕುವಲ್ಲಿ. ಮೊದಲು ಹೇಳಿದ ಐದು ದೇಶಗಳ ಅಧ್ಯಯನದಲ್ಲೇ ಇದಕ್ಕೊಂದು ಸುಳಿವಿದೆ. ಫಿನ್‌ಲೆಂಡಿನಲ್ಲಿ ಹೋಟೆಲ್‌ಗಳ ಜೊತೆ ಕೆಲಸದ ಸ್ಥಳದ ಕ್ಯಾಂಟೀನ್‌ಗಳ ಊಟವನ್ನೂ ಅಳೆದಿದ್ದರು; ಅದೇ ಊರಿನ ಹೋಟೆಲ್ ಊಟಕ್ಕಿಂತ ಅದರಲ್ಲಿ ನೂರಕ್ಕೆ 25ರಷ್ಟು ಕಡಿಮೆ ಶಕ್ತಿಯಿತ್ತು. ಅದೂ ಹೊರಗಿನ ಊಟವೇ, ಅದನ್ನೂ ಬೇರೆಯವರೇ ಬೇಯಿಸಿದ್ದು. ಆ ದೇಶ 1948ರಿಂದ ಶಾಲೆಯ ಪ್ರತಿ ಮಗುವಿಗೂ ಉಚಿತ ಊಟ ಹಾಕುತ್ತ ಬಂದಿದೆ, ತಟ್ಟೆಯ ಅರ್ಧ ತರಕಾರಿ ಎಂಬುದು ಅಲ್ಲಿ ಚಿಕ್ಕಂದಿನಿಂದಲೇ ರೂಢಿ. ನಮ್ಮಲ್ಲೂ ಇಂಥ ದೊಡ್ಡ ಕೊಳ್ಳುಗರಿಗೆ ಕೊರತೆಯಿಲ್ಲ: ಕಾರ್ಖಾನೆ, ಐಟಿ ಕಂಪನಿ, ಹಾಸ್ಟೆಲು, ಪೊಲೀಸ್ ಕ್ಯಾಂಟೀನು, 2017ರ ಆಗಸ್ಟ್‌ನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದು ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು. ಕೂಲಿಯವರ ಹಸಿವು ನೀಗಿಸುವ ಅದರ ಕೆಲಸ ದೊಡ್ಡದು. ಮೈ ದಂಡಿಸುವವರಿಗೆ ಹೊಟ್ಟೆ ತುಂಬ ಅನ್ನ ಬೇಕು, ಅಲ್ಲಿ ಕ್ಯಾಲೊರಿ ಕಡಿಮೆ ಮಾಡಿ ಎನ್ನುವುದು ಕ್ರೌರ್ಯ. ಅಲ್ಲಿ ಕೇಳಬೇಕಾದದ್ದು ಕಾಳು-ಸೊಪ್ಪು ಎಷ್ಟಿದೆ ಎಂದು. ಕುರ್ಚಿಯಲ್ಲಿ ಕೂತು ದುಡಿಯುವವರ ಕ್ಯಾಂಟೀನಿನಲ್ಲಿ ಎಣ್ಣೆ ಎಷ್ಟು ಎಂಬುದನ್ನೂ ಕೇಳಬೇಕು.

ಇದೇನು ಅಸಾಧ್ಯದ ಮಾತಲ್ಲ, ಬರೆದಿಟ್ಟ ಮಾದರಿಯೊಂದು ನಮ್ಮಲ್ಲೇ ಇದೆ. ಶಾಲೆಯ ಬಿಸಿಯೂಟದ ನಿಯಮದಲ್ಲಿ ಕಿರಿಯ ಪ್ರಾಥಮಿಕ ಶಾಲೆಯ ಒಂದು ಮಗುವಿನ ಊಟಕ್ಕೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ-ಕೊಬ್ಬು 5 ಗ್ರಾಂ ಎಂದು ಒಂದೊಂದನ್ನೂ ತೂಕದಲ್ಲಿ ಹೇಳಿದೆ. ಹಿರಿಯ ಪ್ರಾಥಮಿಕಕ್ಕೆ ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ ಗ್ರಾಂ. ಎಲ್ಲ ಶಾಲೆಯಲ್ಲೂ ಅಷ್ಟೇ ಬೀಳುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಬೀಳದಿದ್ದರೆ ಕೇಳಲು ಒಂದು ಅಳತೆಯಂತೂ ಇದೆ. ಅಪ್ಪ-ಅಮ್ಮಂದಿರು ಉಣ್ಣುವ ಕಚೇರಿ ಕ್ಯಾಂಟೀನಿನ ಕರಾರಿನಲ್ಲಿ ಇಂಥ ನಾಲ್ಕು ಸಾಲು ಬರೆಯಲು ಹೊಸ ಕಾನೂನು ಬೇಡ. ಮುಂದಿನ ಸಲ ಟೆಂಡರ್ ಕರೆಯುವಾಗ ತಟ್ಟೆಯೊಂದಕ್ಕೆ ಎಷ್ಟು ರೂಪಾಯಿ ಎಂಬುದರ ಕೆಳಗೆ, ತಟ್ಟೆಯೊಂದಕ್ಕೆ ಎಷ್ಟು ಗ್ರಾಂ ತರಕಾರಿ, ನೂರು ತಟ್ಟೆಗೆ ಎಷ್ಟು ಲೀಟರ್ ಎಣ್ಣೆ ಎಂಬ ಎರಡು ಕಲಮು ಸೇರಿಸಿದರೆ ಸಾಕು, ಉಗ್ರಾಣದ ಲೆಕ್ಕದ ಪುಸ್ತಕ ನೋಡಿಯೇ ಅದನ್ನು ಪರೀಕ್ಷಿಸಬಹುದು.